ಮೀನು ಹಿಡಿದು ಮ್ಯಾಚಿಗೆ ಬರುವ ಊರು

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ.

ಒಂದು ಫುಟ್‌ಬಾಲ್ ತಂಡವಿದೆ. ಅದರ ಹೆಸರಿನಲ್ಲಿ ಒಂದು ಊರಿದೆ, ಆದರೆ ಅದರ ಮೈದಾನ ಆ ಊರಿನಲ್ಲಿಲ್ಲ. ಅದರ ಆಟಗಾರರನ್ನು ಜನ ‘ನಾವಿಕರು’ ಎಂದು ಕರೆಯುತ್ತಾರೆ, ಆದರೆ ಅವರು ಹಡಗು ನಡೆಸುವವರಲ್ಲ. ಅದರ ಅಭಿಮಾನಿಗಳು ಪಂದ್ಯ ನೋಡಲು ಬರುವಾಗ ಬಾವುಟದ ಜೊತೆಗೆ ಮೀನನ್ನೂ ಹಿಡಿದುಕೊಂಡು ಬರುತ್ತಾರೆ. ಆ ತಂಡ ಯಾವುದು?

ಅಜ್ಜ, ಅಜ್ಜಿಯರಿಗೂ ಗೊತ್ತಾಗಲಿಲ್ಲವೇ? ಪರವಾಗಿಲ್ಲ. ಉತ್ತರ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿದೆ. ತಂಡದ ಹೆಸರು ಗ್ರಿಮ್ಸ್‌ಬಿ ಟೌನ್. ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್ ಎಂದರೆ ನಿಮ್ಮಲ್ಲಿ ಅರ್ಧ ಜನ ಎದ್ದು ನಿಲ್ಲುತ್ತೀರಿ. ಗ್ರಿಮ್ಸ್‌ಬಿ ಎಂದರೆ ಯಾರೂ ಕತ್ತೆತ್ತುವುದಿಲ್ಲ. ಇರಲಿ, ಈ ಪುಟ ಓದಿ ಮುಗಿಸಿದ ಮೇಲೆ ಆ ಹೆಸರನ್ನು ನೀವು ಮರೆಯುವುದಿಲ್ಲ.

ಮೀನೂ ಕಡಲಹಕ್ಕಿಯೂ

2023ರ ಮಾರ್ಚ್ 19. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಎಂಬ ಊರು. ಅಲ್ಲಿ ಎಫ್‌.ಎ. ಕಪ್ ಪಂದ್ಯಾವಳಿಯ ಕ್ವಾರ್ಟರ್ ಫೈನಲ್. ಎಫ್‌.ಎ. ಕಪ್ ಎಂದರೆ 1871ರಲ್ಲಿ ಶುರುವಾದ, ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಪಂದ್ಯಾವಳಿ. ಅದರಲ್ಲಿ ದೊಡ್ಡ ತಂಡ, ಸಣ್ಣ ತಂಡ ಎಂಬ ಭೇದವಿಲ್ಲ. ಚೀಟಿ ಎತ್ತಿದಾಗ ಯಾರ ಹೆಸರು ಬರುತ್ತದೋ ಅವರೊಡನೆ ಆಡಲೇಬೇಕು.

ಬ್ರೈಟನ್ ತಂಡದ ಅಡ್ಡಹೆಸರು ‘ಸೀಗಲ್ಸ್’, ಅಂದರೆ ಕಡಲಹಕ್ಕಿಗಳು. ಎದುರಿಗೆ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ. ಅದರ ಅಭಿಮಾನಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿದ್ದರು. ಅವರ ಕೈಯಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಮೀನುಗಳು! ಆ ಮೀನಿಗೆ ಒಂದು ಹೆಸರೂ ಇದೆ, ‘ಹ್ಯಾರಿ ಹ್ಯಾಡಕ್’. ಹ್ಯಾಡಕ್ ಎಂಬುದು ತಣ್ಣನೆಯ ಉತ್ತರ ಸಮುದ್ರಗಳಲ್ಲಿ ಸಿಗುವ ಒಂದು ಜಾತಿಯ ಮೀನು. 1989ರಲ್ಲಿ ಇದೇ ಎಫ್‌.ಎ. ಕಪ್‌ನಲ್ಲಿ ಗ್ರಿಮ್ಸ್‌ಬಿ ಕೆಲವು ಸುತ್ತು ಗೆದ್ದಾಗ ಗ್ಯಾಲರಿಗೆ ಬಂದ ಹ್ಯಾರಿ, ಆಮೇಲೆ ತಂಡವನ್ನು ಬಿಟ್ಟು ಹೋಗಲೇ ಇಲ್ಲ.

ಹಕ್ಕಿಗೂ ಮೀನಿಗೂ ಪಂದ್ಯವಾದರೆ ಗೆಲ್ಲುವವರು ಯಾರು? ನೀವು ಊಹಿಸಿದ್ದು ಸರಿ. ಹಕ್ಕಿಗಳು ಮೀನನ್ನು 5-0 ಗೋಲುಗಳಿಂದ ನುಂಗಿದವು. ಆದರೂ ಗ್ರಿಮ್ಸ್‌ಬಿಯವರು ತಲೆ ತಗ್ಗಿಸಿ ಹೋಗಲಿಲ್ಲ. ತಲೆ ತಗ್ಗಿಸುವ ಕಾರಣವೂ ಇರಲಿಲ್ಲ. ಅಲ್ಲಿಗೆ ಬರುವ ಮೊದಲು ಅವರು ಸೋಲಿಸಿದ್ದ ಐದು ತಂಡಗಳೂ ಅವರಿಗಿಂತ ಮೇಲಿನ ದರ್ಜೆಯವು: ಪ್ಲಿಮತ್, ಕೇಂಬ್ರಿಡ್ಜ್, ಬರ್ಟನ್, ಲೂಟನ್, ಕೊನೆಗೆ ಮೊದಲ ದರ್ಜೆಯ ಸೌತಾಂಪ್ಟನ್. ಒಂದೇ ವರ್ಷದ ಎಫ್‌.ಎ. ಕಪ್‌ನಲ್ಲಿ ಹೀಗೆ ಮೇಲಿನ ದರ್ಜೆಯ ಐದು ತಂಡಗಳನ್ನು ಸೋಲಿಸಿದ ಸಾಧನೆ ಅದಕ್ಕೂ ಮೊದಲು ಯಾರಿಂದಲೂ ಆಗಿರಲಿಲ್ಲ.

ಅದೆಲ್ಲ ಸರಿ, ಮೀನೇ ಯಾಕೆ? ‘ನಾವಿಕರು’ ಎಂದೇ ಯಾಕೆ ಕರೆಯಬೇಕು? ಅದು ತಿಳಿಯಲು ಆ ಊರಿನ ಹೆಸರಿನಿಂದಲೇ ಶುರು ಮಾಡಬೇಕು.

ಗ್ರಿಮ್ ಎಂಬ ಬೆಸ್ತ

ಅಜ್ಜಿಯರೇ, ಈ ಭಾಗವನ್ನು ರಾತ್ರಿ ಮಲಗುವ ಹೊತ್ತಿಗೆ ನೀವೇ ಹೇಳಿದರೆ ಚೆಂದ.

ಒಂದಾನೊಂದು ಕಾಲದಲ್ಲಿ ಡೆನ್ಮಾರ್ಕ್ ದೇಶದಲ್ಲಿ ಒಬ್ಬ ರಾಜ. ಅವನು ಸಾಯುವಾಗ ತನ್ನ ಮಗ ಹ್ಯಾವ್ಲಾಕ್ ಇನ್ನೂ ಸಣ್ಣವನು. ‘ಮಗ ದೊಡ್ಡವನಾಗುವ ತನಕ ನೋಡಿಕೋ’ ಎಂದು ಗೊಡಾರ್ಡ್ ಎಂಬವನಿಗೆ ಒಪ್ಪಿಸಿ ಕಣ್ಣು ಮುಚ್ಚಿದ. ಗೊಡಾರ್ಡನಿಗೆ ಸಿಂಹಾಸನದ ಆಸೆ. ಗ್ರಿಮ್ ಎಂಬ ಬಡ ಬೆಸ್ತನನ್ನು ಕರೆಸಿ, ‘ಈ ಹುಡುಗನನ್ನು ಸಮುದ್ರಕ್ಕೆ ಎಸೆದು ಬಾ, ನಿನ್ನನ್ನು ಜೀತದಿಂದ ಬಿಡಿಸುತ್ತೇನೆ’ ಎಂದ.

ಗ್ರಿಮ್ ಹುಡುಗನನ್ನು ಮನೆಗೆ ಒಯ್ದ. ನಡುರಾತ್ರಿ ನೋಡಿದರೆ ಮಗುವಿನ ಬಾಯಿಂದ ಸೂರ್ಯನ ಕಿರಣದಂಥ ಬೆಳಕು ಹೊರಡುತ್ತಿದೆ! ಭುಜದ ಮೇಲೆ ರಾಜಲಕ್ಷಣದ ಗುರುತು! ಗಂಡ ಹೆಂಡತಿ ಬೆಚ್ಚಿಬಿದ್ದರು. ‘ಇವನು ನಮ್ಮ ರಾಜ’ ಎಂದು ಮಗುವಿನ ಕಾಲಿಗೆ ಬಿದ್ದರು. ಮನೆಯಲ್ಲಿದ್ದ ದನ, ಕುರಿ ಎಲ್ಲ ಮಾರಿ, ದೋಣಿಗೆ ಡಾಂಬರು ಬಳಿದು, ತಮ್ಮ ಮಕ್ಕಳ ಜೊತೆ ಅವನನ್ನೂ ಕೂರಿಸಿಕೊಂಡು ಸಮುದ್ರ ದಾಟಿದರು. ಹಂಬರ್ ಎಂಬ ಅಳಿವೆಯ ಬಾಯಿಗೆ ಬಂದು, ದಡದಲ್ಲಿ ಗುಡಿಸಲು ಕಟ್ಟಿಕೊಂಡು, ಮೀನು ಹಿಡಿದು ಬದುಕತೊಡಗಿದರು. ಯಮುನೆ ದಾಟಿ ಗೋಕುಲಕ್ಕೆ ಬಂದ ಮಗು ನೆನಪಾಯಿತೇ?

ಮುಂದೆ ಬರಗಾಲ ಬಂತು. ಹ್ಯಾವ್ಲಾಕ್ ಆಗ ಯುವಕ. ಕೆಲಸ ಹುಡುಕಿಕೊಂಡು ಲಿಂಕನ್ ಪಟ್ಟಣಕ್ಕೆ ಹೊರಟಾಗ ಉಡಲು ಬಟ್ಟೆಯಿಲ್ಲ. ಗ್ರಿಮ್ ತನ್ನ ದೋಣಿಯ ಹಾಯಿಯನ್ನೇ ಕತ್ತರಿಸಿ ಅವನಿಗೊಂದು ಅಂಗಿ ಹೊಲಿದುಕೊಟ್ಟ. ಬರಿಗಾಲಿನಲ್ಲಿ ನಡೆದ ರಾಜಕುಮಾರ ಮೀನಿನ ಬುಟ್ಟಿ ಹೊತ್ತ, ಅಡುಗೆಮನೆಯಲ್ಲಿ ದುಡಿದ. ಕಡೆಗೆ ಗೋಲ್ಡ್‌ಬರೋ ಎಂಬ ರಾಜಕುಮಾರಿಯನ್ನು ಮದುವೆಯಾಗಿ, ಎರಡು ದೇಶಗಳಿಗೆ ರಾಜನಾದ. ತನ್ನನ್ನು ಸಾಕಿದವನ ಮಕ್ಕಳನ್ನು ಮಾತ್ರ ಮರೆಯಲಿಲ್ಲ.

ಈ ಕಥೆ ಸುಮಾರು 700 ವರ್ಷಗಳ ಹಿಂದೆ ಬರೆದ ಒಂದು ಇಂಗ್ಲಿಷ್ ಕಾವ್ಯದಲ್ಲಿದೆ. ಇದು ಕಥೆಯೇ ಹೊರತು ಇತಿಹಾಸವಲ್ಲ. ಆದರೆ ಊರಿನ ಹೆಸರು ಮಾತ್ರ ನಿಜವಾಗಿಯೂ ಸಮುದ್ರದ ಆಚೆಯಿಂದ ಬಂದದ್ದು. ಡೆನ್ಮಾರ್ಕ್ ಕಡೆಯಿಂದ ಬಂದು ನೆಲೆಸಿದವರ ಮಾತಿನಲ್ಲಿ ‘ಬಿ’ ಎಂದರೆ ಹಳ್ಳಿ, ವಾಸದ ಜಾಗ. ನಮ್ಮಲ್ಲಿ ಹೆಸರಿನ ಕೊನೆಗೆ ‘ಹಳ್ಳಿ’, ‘ಊರು’ ಬರುತ್ತದಲ್ಲ, ಹಾಗೆ. ಗ್ರಿಮ್ಸ್‌ಬಿ ಎಂದರೆ ಗ್ರಿಮ್‌ನ ಹಳ್ಳಿ. ಊರಿನ ಹಳೆಯ ಮೊಹರಿನಲ್ಲಿ ಗ್ರಿಮ್, ಹ್ಯಾವ್ಲಾಕ್, ಗೋಲ್ಡ್‌ಬರೋ ಮೂವರ ಚಿತ್ರವೂ ಇದೆ. ರಾಜನ ಹೆಸರಿರಬಹುದಾಗಿದ್ದ ಊರಿಗೆ ಅವನನ್ನು ಸಾಕಿದ ಬೆಸ್ತನ ಹೆಸರಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಮೀನ್ದಾರರ ಹೆಸರಿನಿಂದ ಊರಿನ ಹೆಸರಿಗೆ

ಈಗ ಫುಟ್‌ಬಾಲ್‌ಗೆ ಬರೋಣ. ಇಂಗ್ಲೆಂಡಿನಲ್ಲಿ ಕ್ರಿಕೆಟ್ ಬೇಸಿಗೆಯ ಆಟ. ಚಳಿಗಾಲದಲ್ಲಿ ಏನು ಮಾಡುವುದು? 1878ರಲ್ಲಿ ಗ್ರಿಮ್ಸ್‌ಬಿಯ ಒಂದು ಕ್ರಿಕೆಟ್ ಕ್ಲಬ್ಬಿನವರು ಸೇರಿ, ಚಳಿಗಾಲಕ್ಕೆಂದು ಫುಟ್‌ಬಾಲ್ ಕ್ಲಬ್ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಗ್ರಿಮ್ಸ್‌ಬಿ ಪೆಲ್ಹಮ್’. ಪೆಲ್ಹಮ್ ಎಂಬುದು ಆ ಸೀಮೆಯ ದೊಡ್ಡ ಜಮೀನ್ದಾರರಾಗಿದ್ದ ಯಾರ್ಬರೋ ಮನೆತನದ ಹೆಸರು. ಊರಿನಲ್ಲಿ ಏನೇ ಹೊಸದು ಶುರುವಾದರೂ ದೊಡ್ಡವರ ಹೆಸರಿಡುವ ರೂಢಿ ನಮ್ಮ ಅಜ್ಜಂದಿರಿಗೂ ಹೊಸದಲ್ಲ.

ಆದರೆ ಆ ಹೆಸರು ಹೆಚ್ಚು ಕಾಲ ಉಳಿಯಲಿಲ್ಲ. ಮರುವರ್ಷ, 1879ರಲ್ಲಿ, ಅದು ‘ಗ್ರಿಮ್ಸ್‌ಬಿ ಟೌನ್’ ಆಯಿತು. ಬದಲಾದದ್ದು ಒಂದೇ ಪದ. ಪೆಲ್ಹಮ್ ಹೋಗಿ ಟೌನ್ ಬಂತು. ಟೌನ್ ಎಂದರೆ ಪಟ್ಟಣ. ಅದು ಒಂದು ಮನೆತನದ್ದಲ್ಲ. ಬೋಟಿನಲ್ಲಿ ಹೋಗುವವರದ್ದು, ಬಲೆ ಹೆಣೆಯುವವರದ್ದು, ಮೀನು ಹಸನು ಮಾಡುವವರದ್ದು, ರೈಲಿಗೆ ಪೆಟ್ಟಿಗೆ ಹೇರುವವರದ್ದು, ಶಾಲೆಗೆ ಹೋಗುವ ಮಕ್ಕಳದ್ದು. ಆ ಹೆಸರಿನಲ್ಲಿ ಎಲ್ಲರಿಗೂ ಜಾಗವಿತ್ತು.

ಆ ಪಟ್ಟಣ ಆಗ ಬೆಳೆಯುತ್ತಿದ್ದ ಕಾಲ. 1848ರಲ್ಲಿ ರೈಲು ಬಂದಿತ್ತು. 1852ರಲ್ಲಿ ದೊಡ್ಡ ಬಂದರುಕಟ್ಟೆ ಮುಗಿದಿತ್ತು. ಅದರ ಪಕ್ಕದಲ್ಲಿ 94 ಮೀಟರ್ ಎತ್ತರದ ಇಟ್ಟಿಗೆಯ ಗೋಪುರ ಈಗಲೂ ನಿಂತಿದೆ. ಅದು ಬರೀ ಅಂದಕ್ಕೆ ಕಟ್ಟಿದ್ದಲ್ಲ. ಎತ್ತರದಲ್ಲಿ ನೀರಿನ ತೊಟ್ಟಿಯಿಟ್ಟು, ಆ ನೀರಿನ ಒತ್ತಡದಿಂದ ಬಂದರಿನ ದೊಡ್ಡ ಬಾಗಿಲುಗಳನ್ನೂ ಕ್ರೇನುಗಳನ್ನೂ ನಡೆಸುತ್ತಿದ್ದರು. ಮನೆಯ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ರಭಸದಿಂದ ಬರುತ್ತದಲ್ಲ, ಅದೇ ಉಪಾಯ, ಅಳತೆ ಮಾತ್ರ ದೊಡ್ಡದು. ಬೆಳಗ್ಗೆ ಬಂದ ಮೀನು ಐಸಿನಲ್ಲಿ ಕೂತು ರೈಲು ಹತ್ತಿ ಲಂಡನ್ ಸೇರುತ್ತಿತ್ತು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಗ್ರಿಮ್ಸ್‌ಬಿ ಜಗತ್ತಿನ ಅತಿ ದೊಡ್ಡ ಮೀನುಗಾರಿಕೆ ಬಂದರು ಎನಿಸಿತ್ತು.

ತಂಡವೂ ಆಗ ಸಣ್ಣದಾಗಿರಲಿಲ್ಲ. 1939ರ ಮಾರ್ಚ್ 25ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಗ್ರಿಮ್ಸ್‌ಬಿ ಎಫ್‌.ಎ. ಕಪ್ ಸೆಮಿಫೈನಲ್ ಆಡಿತು. ಎದುರಾಳಿ ವುಲ್ವರ್‌ಹ್ಯಾಂಪ್ಟನ್. ಅಂದು ಸೇರಿದ ಜನ 76,962. ಓಲ್ಡ್ ಟ್ರಾಫರ್ಡ್‌ನಲ್ಲಿ ಅಷ್ಟು ಜನ ಅದಕ್ಕೆ ಮೊದಲೂ ಸೇರಿರಲಿಲ್ಲ, ಆಮೇಲೂ ಸೇರಿಲ್ಲ. ಗ್ರಿಮ್ಸ್‌ಬಿ ಅಂದೂ 5-0ರಿಂದ ಸೋತಿತು. ಆದರೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಸ್ವಂತ ಮೈದಾನದ ದಾಖಲೆಯಲ್ಲಿ ಇವತ್ತಿಗೂ ಈ ಮೀನೂರಿನ ಹೆಸರಿದೆ.

ಇನ್ನು ಒಗಟಿನ ಮೊದಲ ಭಾಗ. 1899ರಿಂದ ತಂಡದ ಮೈದಾನ ಬ್ಲಂಡೆಲ್ ಪಾರ್ಕ್. ಅದು ಇರುವುದು ಪಕ್ಕದ ಕ್ಲೀತಾರ್ಪ್ಸ್ ಎಂಬ ಊರಿನಲ್ಲಿ! ಎರಡೂ ಊರುಗಳು ಈಗ ಅಂಟಿಕೊಂಡೇ ಇವೆ. ಆದರೂ ಅಲ್ಲಿನವರಿಗೆ ಇದೊಂದು ಮುಗಿಯದ ತಮಾಷೆ: ‘ನಮ್ಮ ತಂಡ ತವರಿನ ಪಂದ್ಯವನ್ನೂ ಪರ ಊರಿನಲ್ಲೇ ಆಡುತ್ತದೆ.’ ಗ್ಯಾಲರಿಯ ಮೇಲೆ ಕುಳಿತರೆ ಹಂಬರ್ ಅಳಿವೆಯಲ್ಲಿ ಸಾಗುವ ಹಡಗುಗಳು ಕಾಣುತ್ತವೆ. ತಂಡಕ್ಕೆ ‘ನಾವಿಕರು’ ಎಂಬ ಅಡ್ಡಹೆಸರು ಯಾಕೆ ಎಂದು ಅಲ್ಲಿ ಕೂತವರು ಕೇಳಬೇಕಿಲ್ಲ.

ಬೋಟುಗಳು ಹೋದವು, ಹೆಸರು ಉಳಿಯಿತು

ಗ್ರಿಮ್ಸ್‌ಬಿಯ ದೊಡ್ಡ ಟ್ರಾಲರ್ ಬೋಟುಗಳು ಮೀನಿಗಾಗಿ ಐಸ್‌ಲ್ಯಾಂಡ್ ದೇಶದ ಸುತ್ತಲಿನ ಸಮುದ್ರದವರೆಗೂ ಹೋಗುತ್ತಿದ್ದವು. ವಾರಗಟ್ಟಲೆ ನೀರಿನ ಮೇಲೆಯೇ ಬದುಕು. ಹಿಮಗಾಳಿ, ಹಗ್ಗದ ಮೇಲೆಲ್ಲ ಹೆಪ್ಪುಗಟ್ಟುವ ಮಂಜು. ಹೋದವರೆಲ್ಲ ಮರಳಿ ಬರುತ್ತಿರಲಿಲ್ಲ. ಹಾಗೆ ಬಾರದೆ ಹೋದವರ ನೆನಪಿಗೆ ಊರಿನ ಹಳೆಯ ಚರ್ಚಿನ ಬಳಿ ಮೀನುಗಾರನ ಪ್ರತಿಮೆಯೊಂದಿದೆ.

ಐಸ್‌ಲ್ಯಾಂಡ್ ಸಣ್ಣ ದೇಶ. ಮೀನೇ ಅದರ ಬದುಕು. ಬೇರೆ ದೇಶದ ಬೋಟುಗಳು ಬಂದು ಬಾಚಿಕೊಂಡು ಹೋದರೆ ತಮಗೇನು ಉಳಿಯುತ್ತದೆ ಎಂದು ಅವರು ಕೇಳಿದರು. 1958ರಲ್ಲಿ ದಡದಿಂದ 12 ಮೈಲಿ, 1972ರಲ್ಲಿ 50 ಮೈಲಿ, 1975ರಲ್ಲಿ 200 ಮೈಲಿವರೆಗಿನ ಸಮುದ್ರ ತಮ್ಮದು ಎಂದು ಸಾರಿದರು. ಒಪ್ಪದೆ ಹೋದ ಬೋಟುಗಳ ಬಲೆಗಳನ್ನು ಅವರ ಕಾವಲು ಹಡಗುಗಳು ಕತ್ತರಿಸಿ ಹಾಕಿದವು. ಬ್ರಿಟನ್ ತನ್ನ ನೌಕಾಪಡೆಯನ್ನೇ ಕಳಿಸಿತು. ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಕಾಡ್ ಎಂಬ ಮೀನಿಗಾಗಿ ನಡೆದ ಈ ಜಗಳಕ್ಕೆ ‘ಕಾಡ್ ಯುದ್ಧ’ ಎಂದೇ ಹೆಸರು. 1976ರ ಜೂನ್‌ನಲ್ಲಿ ರಾಜಿಯಾಯಿತು. ಐಸ್‌ಲ್ಯಾಂಡ್ ಗೆದ್ದಿತು.

ಆ ಮೇಲೆ ಗ್ರಿಮ್ಸ್‌ಬಿಯ ದೊಡ್ಡ ಬೋಟುಗಳಿಗೆ ಹೋಗಲು ಸಮುದ್ರವೇ ಇಲ್ಲದಂತಾಯಿತು. ಒಂದೊಂದಾಗಿ ಅವು ಗುಜರಿಗೆ ಹೋದವು. ಅಪ್ಪ, ಅಜ್ಜ ಮಾಡಿದ ಕೆಲಸ ಮಗನಿಗೆ ಸಿಗಲಿಲ್ಲ. ಯಾರ ತಪ್ಪು? ಒಬ್ಬರದೆಂದು ಬೆರಳು ತೋರುವುದು ಕಷ್ಟ. ಐಸ್‌ಲ್ಯಾಂಡಿನ ಬೆಸ್ತರಿಗೂ ಮಕ್ಕಳಿದ್ದರು, ಗ್ರಿಮ್ಸ್‌ಬಿಯ ಬೆಸ್ತರಿಗೂ ಮಕ್ಕಳಿದ್ದರು. ಈಗ ಗ್ರಿಮ್ಸ್‌ಬಿಯ ಕಾರ್ಖಾನೆಗಳು ಮೀನನ್ನು ಹಸನು ಮಾಡಿ ಪೊಟ್ಟಣ ಕಟ್ಟುತ್ತವೆ. ಅದರಲ್ಲಿ ಎಷ್ಟೋ ಮೀನು ಬರುವುದು ಅದೇ ಐಸ್‌ಲ್ಯಾಂಡಿನಿಂದ!

ಅಂದರೆ ‘ನಾವಿಕರು’ ಎಂಬ ಹೆಸರು ಈಗ ಆ ಊರಿನ ಬಹುಪಾಲು ಜನರ ಕೆಲಸವನ್ನು ಹೇಳುವುದಿಲ್ಲ. ಅವರ ಅಜ್ಜಂದಿರ ಕೆಲಸವನ್ನು ಹೇಳುತ್ತದೆ. ಬೋಟು ಹತ್ತಿದ ಅಜ್ಜನ ಮೊಮ್ಮಗಳು ಶನಿವಾರ ಪ್ಲಾಸ್ಟಿಕ್ ಮೀನು ಹಿಡಿದು ಮೈದಾನಕ್ಕೆ ಹೋಗುತ್ತಾಳೆ. ‘ನಿಮ್ಮೂರು ಮೀನಿನ ವಾಸನೆ’ ಎಂದು ಬೇರೆ ಊರಿನವರು ಹೀಯಾಳಿಸಿದರೆ ಅವಳು ಮೀನನ್ನು ಇನ್ನೂ ಮೇಲೆತ್ತುತ್ತಾಳೆ. ಹೌದು, ನಾವು ಮೀನಿನವರೇ!

ಹೆಸರು ಯಾರದು?

ಹಂಬರ್ ಅಳಿವೆಯ ಆಚೆ ದಡದಲ್ಲಿ ಹಲ್ ಎಂಬ ದೊಡ್ಡ ಊರಿದೆ. ಅದೂ ಮೀನಿನ ಬಂದರೇ, ಅದೂ ಕಾಡ್ ಯುದ್ಧದಲ್ಲಿ ಕಳೆದುಕೊಂಡ ಊರೇ. ಅಲ್ಲಿನ ತಂಡ 1904ರಲ್ಲಿ ಹುಟ್ಟಿದ ‘ಹಲ್ ಸಿಟಿ’. ಹಳದಿ ಕಪ್ಪು ಪಟ್ಟೆಯ ಅಂಗಿಯಿಂದಾಗಿ ಅಡ್ಡಹೆಸರು ‘ಹುಲಿಗಳು’.

2010ರಲ್ಲಿ ಆ ಕ್ಲಬ್ಬು ಸಾಲದಲ್ಲಿ ಮುಳುಗುತ್ತಿತ್ತು. ಈಜಿಪ್ಟಿನಿಂದ ಬಂದು ಹಲ್‌ನಲ್ಲಿ ಓದಿ ಉದ್ಯಮ ಕಟ್ಟಿದ್ದ ಅಸ್ಸೆಮ್ ಅಲ್ಲಾಮ್ ಅದನ್ನು ಕೊಂಡು ಬದುಕಿಸಿದರು. ಊರಿನವರು ಕೃತಜ್ಞರಾಗಿದ್ದರು. ಆದರೆ 2013ರಲ್ಲಿ ಅವರು ತಂಡದ ಹೆಸರನ್ನು ‘ಹಲ್ ಟೈಗರ್ಸ್’ ಎಂದು ಬದಲಿಸಲು ಹೊರಟರು. ಅವರ ಲೆಕ್ಕ ಹೀಗಿತ್ತು: ‘ಸಿಟಿ’ ಎಂಬ ಹೆಸರಿನ ತಂಡಗಳು ಎಷ್ಟೋ ಇವೆ, ಹುಲಿ ಎಂದರೆ ಹೊರದೇಶಗಳಲ್ಲಿ ಬೇಗ ಮನಸ್ಸಿಗೆ ಹಿಡಿಯುತ್ತದೆ, ದುಡ್ಡು ಬರುತ್ತದೆ. ಅದು ಕೆಟ್ಟ ಉದ್ದೇಶವೇನಲ್ಲ. ತಂಡ ನಡೆಸಲು ದುಡ್ಡು ಬೇಕೇ ಬೇಕು.

ಅಭಿಮಾನಿಗಳು ಒಪ್ಪಲಿಲ್ಲ. ‘ಸಾಯುವ ತನಕ ನಾವು ಸಿಟಿಯೇ’ ಎಂಬ ಅರ್ಥದ ಹೆಸರಿಟ್ಟುಕೊಂಡು ಗುಂಪು ಕಟ್ಟಿ ವಿರೋಧಿಸಿದರು. 2014ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮತಕ್ಕೆ ಹಾಕಿ, ಹೆಸರು ಬದಲಿಸುವ ಬೇಡಿಕೆಯನ್ನು ತಿರಸ್ಕರಿಸಿತು. 2015ರ ಜುಲೈನಲ್ಲಿ ಎರಡನೇ ಸಲವೂ ತಿರಸ್ಕರಿಸಿತು. ಹಲ್ ಸಿಟಿ ಇವತ್ತಿಗೂ ಹಲ್ ಸಿಟಿಯೇ.

ಇಲ್ಲಿ ಕೇಳಬೇಕಾದ ಪ್ರಶ್ನೆ ದೊಡ್ಡದು. ದುಡ್ಡು ಕೊಟ್ಟವರಿಗೆ ಮೈದಾನ, ಕಟ್ಟಡ, ಲೆಕ್ಕಪುಸ್ತಕ ಎಲ್ಲ ಸೇರುತ್ತದೆ. ಹೆಸರೂ ಸೇರುತ್ತದೆಯೇ? ನೂರು ವರ್ಷ ಮಳೆಯಲ್ಲಿ ನೆನೆದು, ಸೋತಾಗಲೂ ಕೂಗಿ, ಮಗನಿಗೆ, ಮೊಮ್ಮಗಳಿಗೆ ಆ ಕೂಗನ್ನು ಕಲಿಸಿದವರದ್ದಲ್ಲವೇ ಅದು? ನಿಮ್ಮ ಮನೆಯಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯ ಬಂದರೆ ಒಳ್ಳೆಯದೇ, ಊಟದ ಹೊತ್ತಿಗೆ ಚರ್ಚೆ ಮಾಡಿ.

ಗ್ರಿಮ್ಸ್‌ಬಿಗೂ ಕೆಟ್ಟ ದಿನಗಳು ಬಂದವು. 2010ರಲ್ಲೂ 2021ರಲ್ಲೂ ತಂಡ ಐದನೇ ದರ್ಜೆಗೆ ಜಾರಿತು. 2021ರಲ್ಲಿ ಕ್ಲಬ್ಬನ್ನು ಕೊಂಡವರು ಅದೇ ಊರಿನಲ್ಲಿ ಬೆಳೆದ ಜೇಸನ್ ಸ್ಟಾಕ್‌ವುಡ್ ಮತ್ತು ಆಂಡ್ರ್ಯೂ ಪೆಟಿಟ್. ಅವರು ತಂಡದ ಹೆಸರನ್ನು ಮುಟ್ಟಲಿಲ್ಲ. ಬದಲಿಗೆ ತಮ್ಮ ಕಂಪನಿಯ ಹೆಸರಿನಲ್ಲೇ ತಂಡ ಹುಟ್ಟಿದ 1878 ಎಂಬ ವರ್ಷವನ್ನು ಸೇರಿಸಿಕೊಂಡರು. ಮರುವರ್ಷವೇ ತಂಡ ನಾಲ್ಕನೇ ದರ್ಜೆಗೆ ಏರಿತು. ಅದರ ಮರುವರ್ಷ ನಡೆದದ್ದೇ ನಾವು ಮೊದಲು ನೋಡಿದ ಮೀನು, ಹಕ್ಕಿಯ ಪಂದ್ಯ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 2025ರ ಆಗಸ್ಟ್ 27ರ ರಾತ್ರಿ, ಲೀಗ್ ಕಪ್ ಎಂಬ ಇನ್ನೊಂದು ಪಂದ್ಯಾವಳಿಯಲ್ಲಿ, ಬ್ಲಂಡೆಲ್ ಪಾರ್ಕಿಗೆ ಬಂದ ಎದುರಾಳಿ ಯಾರು ಗೊತ್ತೇ? ಮ್ಯಾಂಚೆಸ್ಟರ್ ಯುನೈಟೆಡ್! ಕೋಟಿ ಕೋಟಿ ಬೆಲೆಯ ಆಟಗಾರರು ಒಂದು ಕಡೆ, ನಾಲ್ಕನೇ ದರ್ಜೆಯ ನಾವಿಕರು ಇನ್ನೊಂದು ಕಡೆ. ಪಂದ್ಯ 2-2ರಲ್ಲಿ ಸಮವಾಯಿತು. ಪೆನಾಲ್ಟಿ ಒದೆತ ಶುರುವಾಯಿತು. ಐದು ಒದೆತಕ್ಕೆ ಮುಗಿಯಬೇಕಾದದ್ದು ಮುಗಿಯಲೇ ಇಲ್ಲ. ಕಡೆಗೆ ಗ್ರಿಮ್ಸ್‌ಬಿ 12-11ರಿಂದ ಗೆದ್ದಿತು.

ಈಗ ಒಗಟಿಗೆ ಮರಳೋಣ. ಊರಿನ ಹೆಸರು ಬೆಸ್ತನದ್ದು. ತಂಡದ ಹೆಸರಿನಿಂದ ಜಮೀನ್ದಾರರು ಹೋಗಿ ಊರು ಬಂತು. ಮೈದಾನ ಪಕ್ಕದ ಊರಿಗೆ ಹೋಯಿತು, ಬೋಟುಗಳು ಗುಜರಿಗೆ ಹೋದವು, ತಂಡ ಮೇಲೆ ಕೆಳಗೆ ಹೋಯಿತು. ಹೆಸರು ಮಾತ್ರ ಜನರ ಬಳಿಯೇ ಉಳಿಯಿತು. ಅದನ್ನು ಬರೆದಿಟ್ಟುಕೊಂಡು ಕಾಯಬೇಕಾಗಿರಲಿಲ್ಲ, ಪ್ರತಿ ಪಂದ್ಯದಲ್ಲೂ ಕೂಗಿ ಕಾದರು.

ಈ ವಾರದ ಕೆಲಸ

ಮಕ್ಕಳೇ, ನಿಮ್ಮ ಬೀದಿಯ ತಂಡಕ್ಕೆ, ಊರಿನ ಯುವಕ ಸಂಘಕ್ಕೆ, ನೀವು ಆಡುವ ಮೈದಾನಕ್ಕೆ ಒಂದು ಹೆಸರಿರುತ್ತದೆ. ಅದನ್ನು ಇಟ್ಟವರು ಯಾರು, ಯಾವಾಗ, ಅದಕ್ಕೆ ಮೊದಲು ಬೇರೆ ಹೆಸರಿತ್ತೇ? ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ. ಅವರು ‘ಅದೆಲ್ಲ ಯಾಕೀಗ’ ಎಂದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ. ಅಜ್ಜ, ಅಜ್ಜಿಯರೇ, ನೀವೂ ನೆನಪು ಮಾಡಿಕೊಂಡು ಹೇಳಿಬಿಡಿ. ನೀವು ಹೇಳದೆ ಹೋದರೆ ಆ ಹೆಸರು ಬೋರ್ಡಿನ ಮೇಲಿನ ನಾಲ್ಕು ಅಕ್ಷರವಾಗಿ ಉಳಿದುಬಿಡುತ್ತದೆ.

ನಿಮ್ಮ ಬೀದಿಯಲ್ಲಿ ಹೊಸ ತಂಡ ಕಟ್ಟುವುದಿದ್ದರೆ ಇನ್ನೂ ಒಳ್ಳೆಯದು. ಟೀವಿಯಲ್ಲಿ ಕಂಡ ಹೆಸರನ್ನು ಒಂದು ದಿನ ಪಕ್ಕಕ್ಕಿಡಿ. ನಿಮ್ಮೂರಿನ ಕೆರೆ, ಮರ, ಕಸುಬು, ಗುಡ್ಡ ಏನಿದೆ ನೋಡಿ. ಆಮೇಲೆ ಎಲ್ಲರೂ ಕೂತು ಹೆಸರಿಡಿ. ಚೆಂಡು ತರುವವನಿಗೆ ಒಂದೇ ಮತ, ಗೋಲಿಗೆ ನಿಲ್ಲುವವಳಿಗೂ ಒಂದೇ ಮತ.